ಧರ್ಮವೀರನ ಸಂಗಡಿಗರು

ಧರ್ಮರಾಯನಾಗಿ ಬಾಳುವುದು ಕಷ್ಟ. ಧರ್ಮರಾಯನ ತಮ್ಮನಾಗಿ ಬಾಳುವುದು ಇನ್ನೂ ಕಷ್ಟ. ಈ ಮಾತು ನನಗೆ ಹೊಳೆದದ್ದು ಭಾರತವನ್ನು ಓದುವಾಗಲ್ಲ, ದಾಳ ಉರುಳಿಸುವಾಗ. ದಾಳವೆಂದೊಡನೆ ಓದುಗರು ಹುಬ್ಬೇರಿಸಬೇಕಾಗಿಲ್ಲ. ನಮ್ಮದು ಪಣವಿಲ್ಲದ ಆಟ. ಶಕುನಿಗೆ ಅಲ್ಲಿ ಕೆಲಸವಿಲ್ಲ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಇದು 1974ರಲ್ಲಿ ಪ್ರಕಟವಾಯಿತು. ನಾಲ್ಕಾರು ಮಂದಿ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಮಾಂತ್ರಿಕ, ಒಬ್ಬ ಕಳ್ಳ, ಒಬ್ಬ ಕತ್ತಿಯಾಳು, ಹೀಗೆ ಒಬ್ಬೊಬ್ಬರದೂ ಒಂದೊಂದು ಪಾತ್ರ. ಕಥೆ ನಡೆಸುವವನೊಬ್ಬ ಬೇರೆ. ಯಕ್ಷಗಾನದಲ್ಲಿ ಭಾಗವತರಿಗಿರುವ ಸ್ಥಾನ ಅವನದು. "ಹೀಗೆ ಮಾಡುತ್ತೇನೆ" ಎಂದು ಪಾತ್ರಧಾರಿ ಹೇಳುತ್ತಾನೆ. ಆದೀತೋ ಆಗದೋ ಎಂಬುದನ್ನು ಎಷ್ಟೋ ವೇಳೆ ಇಪ್ಪತ್ತು ಮುಖದ ದಾಳ ಹೇಳುತ್ತದೆ. ವೇಷವಿಲ್ಲ, ಚೆಂಡೆಯಿಲ್ಲ, ಎಲ್ಲವೂ ಮಾತಿನಲ್ಲೇ.

ಪಾತ್ರಗಳಲ್ಲಿ ನನಗೆ ಒಲಿದದ್ದು ಪ್ಯಾಲಡಿನ್. ಅರಮನೆಗೆ ಸೇರಿದವನು ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು. ಷಾರ್ಲಮೇನ್ ಚಕ್ರವರ್ತಿಯ ಕಥೆಗಳಲ್ಲಿ ಬರುವ ಹನ್ನೆರಡು ವೀರರ ಬಿರುದು. ಆಟದೊಳಕ್ಕೆ ಅವನು ಬಂದದ್ದು 1975ರಲ್ಲಿ. ನಾವು ಆಡುವುದು 1978ರ ನಿಯಮಪುಸ್ತಕದಂತೆ. ಅದರಲ್ಲಿ ಪ್ಯಾಲಡಿನ್ ಆಗುವುದಕ್ಕೇ ಪುಣ್ಯ ಬೇಕು. ವರ್ಚಸ್ಸಿನ ಅಂಕ 17ಕ್ಕೆ ಕಡಿಮೆಯಿರಕೂಡದು. ಮೂರು ದಾಳ ಎಸೆದರೆ ಅಷ್ಟು ಬೀಳುವುದು ಸರಾಸರಿ 54 ಸಲಕ್ಕೊಮ್ಮೆ. ಆದಮೇಲಾದರೂ ಸುಖವುಂಟೆ? ಗಳಿಕೆಯ ಹತ್ತನೆಯ ಒಂದು ಪಾಲು ದಾನಕ್ಕೆ. ಮಂತ್ರದ ವಸ್ತುಗಳು 10ಕ್ಕಿಂತ ಹೆಚ್ಚು ಇರಬಾರದು. ದುಷ್ಟರ ಸಹವಾಸ ಕೂಡದು. ತಿಳಿದೂ ತಿಳಿದೂ ಒಂದೇ ಒಂದು ಪಾಪಕಾರ್ಯ ಮಾಡಿದನೋ, ಕೈಯಿಂದ ಮುಟ್ಟಿ ಗಾಯ ಮಾಯಿಸುವ ಶಕ್ತಿಯೇ ಮೊದಲಾದ ವರಗಳೆಲ್ಲ ಹೋದುವು. ಅಂದಿನಿಂದ ಅವನು ಬರಿಯ ಕತ್ತಿಯಾಳು. ಪ್ರಾಯಶ್ಚಿತ್ತವೂ ಇಲ್ಲ. ಅಶ್ವತ್ಥಾಮನ ಮಾತಾಡಿದೊಡನೆ ಧರ್ಮರಾಯನ ರಥ ನೆಲಕ್ಕೆ ತಾಗಿದಂತೆ!

ಒಂದು ಸಂಜೆಯ ಆಟದಲ್ಲಿ ದರೋಡೆಗಾರರ ಬೇಹಿನವನೊಬ್ಬ ನಮಗೆ ಸೆರೆ ಸಿಕ್ಕಿದ. ಪ್ರಾಣಭಿಕ್ಷೆ ಬೇಡಿದ, ನಾನು ಕೊಟ್ಟೆ. ಬಿಟ್ಟರೆ ತನ್ನ ತಂಡವನ್ನೇ ಕರೆತರುತ್ತಾನೆಂದು ಸಂಗಡಿಗರ ವಾದ. ಆಗ ಕಳ್ಳನ ಪಾತ್ರದ ಗೆಳೆಯ ಬಲು ವಿನಯದಿಂದ, "ಧರ್ಮಪ್ರಭುಗಳೆ, ತಮ್ಮ ಕುದುರೆಗೆ ಇನ್ನೂ ನೀರಾಗಿಲ್ಲ. ಕೆರೆಗೆ ಹೋಗಿಬನ್ನಿ. ಅವಸರವೇನಿಲ್ಲ" ಎಂದ.

ಎಂಥ ಉಪಾಯ! ನಿಯಮ ದಂಡಿಸುವುದು ತಿಳಿದು ಮಾಡಿದ್ದನ್ನು. ನೋಡದೆ ಇದ್ದರಾಯಿತು. ಕಡತದ ಮೇಲೆ ಅನ್ಯಾಯದ ಆಜ್ಞೆ ಬೀಳುವ ದಿನವೇ ರಜೆಯ ಮೇಲೆ ಹೋಗುವ ಪ್ರಾಮಾಣಿಕ ಅಧಿಕಾರಿಗಳು ಇಲ್ಲವೆ? ಅವರೆಲ್ಲ ಕುದುರೆಗೆ ನೀರು ಕುಡಿಸಲು ಹೋದವರೇ. ಹಿಂದಿರುಗಿದಾಗ ಕೈಗಳೇನೋ ಶುಭ್ರವಾಗಿರುತ್ತವೆ. ನಾನು ಕದಲಲಿಲ್ಲ. ಬೆಳಗ್ಗೆ ಸೆರೆಯಾಳನ್ನು ಬಿಟ್ಟೆವು.

ಕಥೆಯ ಎರಡನೆಯ ರಾತ್ರಿ ಅವನು ತಂಡದೊಡನೆ ಬಂದ. ಕಾವಲಿಗಿದ್ದ ಕಳ್ಳ ಸತ್ತ. ಮೂರು ವರ್ಷ ಗೆಳೆಯನು ಮಗುವಿನಂತೆ ಸಾಕಿದ ಪಾತ್ರ! ಅವನು ಆ ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡು, "ಪರವಾಗಿಲ್ಲ" ಎಂದು ಕಾಫಿಗೂ ನಿಲ್ಲದೆ ಹೊರಟುಹೋದ.

ನನ್ನ ಒಂದು ವರವೂ ಕುಂದಿರಲಿಲ್ಲ. ಕೀರ್ತಿ ನನ್ನ ಪಾಲಿಗೆ, ಬೆಲೆ ಅವನ ಪಾಲಿಗೆ. ಹರಿಶ್ಚಂದ್ರನನ್ನು ನಾವು ಹೊಗಳುತ್ತೇವೆ, ಹೊಗಳಬೇಕಾದದ್ದೇ. ಆದರೆ ಮಾರಾಟವಾದವಳು ಚಂದ್ರಮತಿ, ಹಾವು ಕಚ್ಚಿದ್ದು ಲೋಹಿತಾಶ್ವನನ್ನು. ಮಾತು ಕೊಡುವ ಮೊದಲು ಅವರನ್ನು ಯಾರು ಕೇಳಿದರು? ಲಂಚ ಮುಟ್ಟದ ತಂದೆಯ ಮನೆಯಲ್ಲಿ ಹಳೆಯ ಸೀರೆ ಉಟ್ಟವಳು ತಾಯಿ. ಸನ್ಮಾನದ ಶಾಲು ಮಾತ್ರ ತಂದೆಯ ಹೆಗಲಿಗೆ.

ಹಾಗೆಂದು ಕುದುರೆಗೆ ನೀರು ಕುಡಿಸಲು ಹೋಗಬೇಕಿತ್ತೆ? ಅದಕ್ಕೂ ಮನಸ್ಸು ಒಪ್ಪದು. ಆ ಕಳ್ಳ ತನ್ನ ಹೊನ್ನಿನ ಚೀಲವನ್ನು ಮೂರು ವರ್ಷವೂ ನನ್ನ ಕೈಯಲ್ಲೇ ಇಡುತ್ತಿದ್ದ. ಅಂದು ಸೆರೆಯಾಳಿಗೆ ಕೊಟ್ಟ ಮಾತು ಸುಳ್ಳಾಗಿದ್ದರೆ, ಚೀಲಕ್ಕೆ ಕೊಟ್ಟ ಮಾತಿಗೆ ಏನು ಬೆಲೆ? ಶತ್ರುವಿಗೆ ನಿಲ್ಲದ ನಾಲಗೆ ಮಿತ್ರನಿಗೆ ನಿಂತೀತು ಎಂಬ ಭರವಸೆ ಯಾರಿಗಿದ್ದೀತು?

2014ರ ಹೊಸ ನಿಯಮಗಳಲ್ಲಿ ಪ್ಯಾಲಡಿನ್ನರಿಗೆ ಬಗೆಬಗೆಯ ಪ್ರತಿಜ್ಞೆಗಳಿವೆ, ಬೇಕಾದುದನ್ನು ಆರಿಸಿಕೊಳ್ಳಬಹುದು. ನಾವು ಹಳೆಯದನ್ನೇ ಇಟ್ಟುಕೊಂಡು ನಮ್ಮದೊಂದು ಪದ್ಧತಿಯನ್ನು ಸೇರಿಸಿದ್ದೇವೆ: ಎಲ್ಲರ ತಲೆಯ ಮೇಲೆ ಬರುವ ಮಾತನ್ನು ಎಲ್ಲರನ್ನೂ ಕೇಳಿ ಕೊಡಬೇಕು, ಕೊಟ್ಟಮೇಲೆ, ಕೊಟ್ಟವನೇ ಬಾಗಿಲ ಬಳಿ ಮಲಗಬೇಕು.

ಗೆಳೆಯನು ಮುಂದಿನ ವಾರವೇ ಬಂದ. ಹೊಸ ಪಾತ್ರ ಬರೆದುಕೊಂಡು ಬಂದಿದ್ದ. ಅದೂ ಕಳ್ಳನದೇ. ಆಟ ಶುರುವಾದೊಡನೆ ಹೊನ್ನಿನ ಚೀಲವನ್ನು ನನ್ನ ಕಡೆ ತಳ್ಳಿದ.