ಉಪ್ಪು, ತುಕ್ಕು ಮತ್ತು ಒಂದು ಕಾರು

ತುಕ್ಕಿನ ಪಾಠ ಮಾಡುವಾಗ ಮೂರು ಪ್ರನಾಳಗಳಲ್ಲಿ ಕಬ್ಬಿಣದ ಮೊಳೆಗಳನ್ನಿಟ್ಟು ವಾರಗಟ್ಟಲೆ ಕಾಯುತ್ತಿದ್ದುದು ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಪಠ್ಯದಲ್ಲಿ ಇಲ್ಲದಿದ್ದರೂ ನಾನು ನಾಲ್ಕನೆಯದೊಂದನ್ನು ಇಡುತ್ತಿದ್ದೆ, ಅದರಲ್ಲಿ ಉಪ್ಪುನೀರು. ಆ ನಾಲ್ಕನೆಯ ಪ್ರನಾಳದ ಪಾಠ ನಿವೃತ್ತಿಯಾದ ಮೇಲೆ, ಅಮೆರಿಕದ ಮಿಶಿಗನ್ ರಾಜ್ಯದಲ್ಲಿರುವ ಮಗನ ಮನೆಯಲ್ಲಿ ಮತ್ತೆ ಉಪಯೋಗಕ್ಕೆ ಬಂದೀತೆಂದು ನಾನು ಎಣಿಸಿರಲಿಲ್ಲ.

ಮಗನ ಬಳಿ 2002ರ ಹೋಂಡಾ ಎಸ್ 2000 ಕಾರಿದೆ. ಎರಡೇ ಆಸನಗಳು, ಮಡಚಬಹುದಾದ ಬಟ್ಟೆಯ ಚಾವಣಿ. ಎರಡು ಲೀಟರಿನ ಪುಟ್ಟ ಎಂಜಿನ್ ನಿಮಿಷಕ್ಕೆ ಸುಮಾರು 9,000 ಸುತ್ತು ತಿರುಗಬಲ್ಲದು. 1999ರಿಂದ 2009ರವರೆಗೆ ಮಾತ್ರ ಈ ಮಾದರಿ ತಯಾರಾಯಿತು. ಓದಿಗಾಗಿ ಮಾಡಿದ್ದ ಸಾಲವನ್ನೆಲ್ಲ ತೀರಿಸಿದ ಮೇಲೆ, 2012ರಲ್ಲಿ, ಅವನು ತನಗಾಗಿಯೇ ಕೊಂಡ ಮೊದಲ ವಸ್ತು ಅದು. ಚಳಿಗಾಲಕ್ಕೆಂದು ಇಟ್ಟುಕೊಂಡಿದ್ದ ಸಾಧಾರಣ ಕಾರು ಕೆಟ್ಟು ಕೂತಾಗ, "ಈ ಸಲ ಇದರಲ್ಲೇ ಕೆಲಸಕ್ಕೆ ಹೋಗುತ್ತೇನೆ" ಎಂದ. ಸೊಸೆ ಒಪ್ಪಲಿಲ್ಲ. ಕೊನೆಗೆ ಪಂಚಾಯಿತಿ ನನ್ನ ಮುಂದೆ ಬಂತು.

ಮಗನ ವಾದವೇನೂ ಹಗುರವಾಗಿರಲಿಲ್ಲ. "ಅಪ್ಪ, ಕಾರು ಇರುವುದು ಓಡಿಸುವುದಕ್ಕೆ. ವರ್ಷದಲ್ಲಿ ಐದು ತಿಂಗಳು ಹೊದಿಕೆ ಹೊದಿಸಿಟ್ಟರೆ ಅದನ್ನು ಅನುಭವಿಸುವುದು ಯಾವಾಗ? ಗಂಧದ ಕೊರಡು ತೇಯ್ದಷ್ಟೂ ಪರಿಮಳ ಎಂದು ನೀವೇ ಹೇಳುತ್ತಿದ್ದಿರಲ್ಲ!" ಮೇಷ್ಟರ ಮಾತು ಮೇಷ್ಟರಿಗೇ ತಿರುಗಿ ಬರುವುದು ಹೀಗೆ.

ಈ ಪ್ರಶ್ನೆಗೆ ಉತ್ತರ ಹಿಮದಲ್ಲಿಲ್ಲ, ಉಪ್ಪಿನಲ್ಲಿದೆ. ಶುದ್ಧ ನೀರು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟಿದರೆ, ಉಪ್ಪು ಬೆರೆತ ನೀರು ಹೆಪ್ಪುಗಟ್ಟಲು ಇನ್ನೂ ಹೆಚ್ಚಿನ ಚಳಿ ಬೇಕು. ಆದುದರಿಂದ ಅಲ್ಲಿ ರಸ್ತೆಗಳಿಗೆ ಲಾರಿಗಟ್ಟಲೆ ಕಲ್ಲುಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ನಗರದ ಕೆಳಗೆ, ಸಾವಿರ ಅಡಿಗೂ ಮಿಕ್ಕಿದ ಆಳದಲ್ಲಿ, ಪುರಾತನ ಸಮುದ್ರವೊಂದು ಬಿಟ್ಟುಹೋದ ಉಪ್ಪಿನ ಗಣಿಯೇ ಇದೆ! ಚಳಿ ಇನ್ನೂ ಹೆಚ್ಚಾದರೆ ಕ್ಯಾಲ್ಸಿಯಂ ಕ್ಲೋರೈಡನ್ನೂ ಬಳಸುತ್ತಾರೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಮೆತ್ತಿಕೊಂಡ ಲೋಹವನ್ನು ಒಣಗಲು ಬಿಡದು. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುತ್ತದೆ. ತುಕ್ಕು ಒಂದು ವಿದ್ಯುದ್ರಾಸಾಯನಿಕ ಕ್ರಿಯೆಯಾದ್ದರಿಂದ ಅದರ ವೇಗ ಹೆಚ್ಚುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ಕಬ್ಬಿಣಕ್ಕೂ ಸಲ್ಲುತ್ತದೆ.

ಮಗನೊಡನೆ ರಿಪೇರಿ ಅಂಗಡಿಗೆ ಹೋದಾಗ, ಯಾರದೋ ಹತ್ತು ವರ್ಷದ ವಾಹನವೊಂದನ್ನು ಮೇಲೆತ್ತಿ ನಿಲ್ಲಿಸಿದ್ದರು. ಮೇಲಿನ ಬಣ್ಣ ಫಳಫಳಿಸುತ್ತಿತ್ತು. ಕೆಳಗೆ ಬ್ರೇಕಿನ ದ್ರವ ಹರಿಯುವ ಉಕ್ಕಿನ ಕೊಳವೆ ಹಪ್ಪಳದಂತೆ ಪದರುಪದರಾಗಿ ಉದುರುತ್ತಿತ್ತು. ತುಕ್ಕಿನ ಅಪಾಯ ಅಂದಗೆಡಿಸುವುದಷ್ಟೇ ಅಲ್ಲ. ಅದು ಪ್ರಾಣಕ್ಕೂ ಎರವಾಗಬಲ್ಲದು.

ಮಗನಿಗೆ ನಾನು ಹೇಳಿದ್ದಿಷ್ಟು. ಕೊರಡನ್ನು ತೇಯ್ದರೆ ಸವೆಯುತ್ತದೆ, ನಿಜ. ಬಚ್ಚಲ ಒಲೆಗೆ ಹಾಕಿದರೂ ಸವೆಯುತ್ತದೆ. ಎರಡೂ ಒಂದೆಯೇ? ಬೇಸಿಗೆಯಲ್ಲಿ ಓಡಿಸಿದಾಗ ಟೈರು, ಕ್ಲಚ್ಚು, ಬ್ರೇಕು ಸವೆಯುತ್ತವೆ. ಅವನ್ನು ಬದಲಿಸಬಹುದು, ಮತ್ತು ಆ ಸವೆತಕ್ಕೆ ಪ್ರತಿಯಾಗಿ ಸಂತೋಷ ದೊರೆಯುತ್ತದೆ. ಚಳಿಗಾಲದ ಉಪ್ಪು ತಿನ್ನುವುದು ಕಾರಿನ ಒಡಲನ್ನೇ. 2009ಕ್ಕೇ ತಯಾರಿಕೆ ನಿಂತ ಮಾದರಿಗೆ ಹೊಸ ಒಡಲನ್ನು ತರುವುದೆಲ್ಲಿಂದ? ಪ್ರತಿಯಾಗಿ ಸಿಗುವ ಸಂತೋಷವಾದರೂ ಎಷ್ಟು? ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವ, ಜಾರಿದರೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯೂ ಇಲ್ಲದ ಆ ಹಳೆಯ ಕಾರನ್ನು ಹಿಮದ ಮೇಲೆ ಎತ್ತಿನ ಗಾಡಿಯಂತೆಯೇ ನಡೆಸಬೇಕು. 9,000 ಸುತ್ತಿನ ಎಂಜಿನ್ನಿಗೆ ಅಲ್ಲಿ ಕೆಲಸವೇ ಇಲ್ಲ. ಬೇಸಿಗೆಯ ಟೈರಿನ ರಬ್ಬರಂತೂ 7 ಡಿಗ್ರಿಗಿಂತ ಕೆಳಗೆ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ.

ಹಾಗೆಂದು ಮುಚ್ಚಿಟ್ಟು ಮರೆಯುವುದೂ ಸಲ್ಲ. ನಮ್ಮ ತಾಯಿ ತಮ್ಮ ಧಾರೆಯ ಸೀರೆಯನ್ನು ವರ್ಷಕ್ಕೆರಡು ಬಾರಿ ತೆಗೆದು, ನೆರಳಿನಲ್ಲಿ ಗಾಳಿಗೆ ಹರವಿ, ಹಳೆಯ ಮಡಿಕೆ ತಪ್ಪಿಸಿ ಬೇರೆ ಮಡಿಕೆ ಹಾಕಿಡುತ್ತಿದ್ದರು. ಹಾಗೆ ಮಾಡದಿದ್ದರೆ ಜರತಾರಿ ಮಡಿಕೆಯಲ್ಲಿಯೇ ಸೀಳುತ್ತದೆ. ವಿಶ್ರಾಂತಿಗೂ ಆರೈಕೆ ಬೇಕು. ಕಾರನ್ನು ತೊಳೆದು ಒಣಗಿಸಿ, ಎಂಜಿನ್ ಆಯಿಲ್ ಬದಲಿಸಿ, ಪೆಟ್ರೋಲು ಕೆಡದಂತೆ ಕಾಪಾಡುವ ದ್ರವ ಬೆರೆಸಿ ಟ್ಯಾಂಕು ತುಂಬಿಸಿ, ಬ್ಯಾಟರಿ ಇಳಿಯದಂತೆ ಸಣ್ಣ ಚಾರ್ಜರಿಗೆ ಜೋಡಿಸಿ, ಟೈರುಗಳಿಗೆ ತುಸು ಹೆಚ್ಚು ಗಾಳಿ ತುಂಬಿ ಇಡಬೇಕು.

ಮಗ ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಚಾಲೂ ಮಾಡುವೆನೆಂದ. ಅದೂ ಬೇಡವೆಂದೆ. ಒಂದು ಲೀಟರು ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರು ನೀರು ಆವಿಯಾಗಿ ಹುಟ್ಟುತ್ತದೆ. ಸಮೀಕರಣ ಬರೆದು ನೋಡಿ. ಎಂಜಿನ್ನೂ ಸೈಲೆನ್ಸರೂ ಪೂರ್ತಿ ಕಾಯುವ ಮೊದಲೇ ನಿಲ್ಲಿಸಿದರೆ ಆ ನೀರು ಒಳಗೇ ಉಳಿಯುತ್ತದೆ.

ಕೊನೆಗೆ ಅವನು ಅಗ್ಗದ ಹಳೆಯ ಕಾರೊಂದನ್ನು ಕೊಂಡು ಅದಕ್ಕೆ ಚಳಿಗಾಲದ ಟೈರು ಹಾಕಿಸಿದ. ಎಲ್ಲರಿಗೂ ಇದು ಸಾಧ್ಯವಾಗದು, ಬಲ್ಲೆ. ಅಂಥ ಊರುಗಳಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಯಾರಿಗಾದರೂ ಇರುವುದೊಂದೇ ಕಾರು, ಅದೇ ಅಚ್ಚುಮೆಚ್ಚಿನದು ಎಂದಾದರೆ, ಸಂಕೋಚವಿಲ್ಲದೆ ಓಡಿಸಿರಿ. ಕಾರಿಗಿಂತ ಸಂಸಾರ ದೊಡ್ಡದು. ಚಳಿಗಾಲದ ಟೈರು ಹಾಕಿಸಿ, ಮೊದಲ ಹಿಮಕ್ಕೆ ಮುಂಚೆಯೇ ಕೆಳಭಾಗಕ್ಕೆ ಎಣ್ಣೆಯ ಲೇಪ ಕೊಡಿಸಿ, ಆಗಾಗ ಅಡಿಯನ್ನು ಚೆನ್ನಾಗಿ ತೊಳೆಸಿರಿ. ಎರಡನೆಯ ಕಾರು ಇದ್ದವರು ಮಾತ್ರ ಕ್ಯಾಲೆಂಡರನ್ನು ನೋಡದೆ ರಸ್ತೆಯನ್ನು ನೋಡಿರಿ. ವಸಂತದ ನಾಲ್ಕಾರು ಜೋರು ಮಳೆ ಬಂದು ಉಪ್ಪಿನ ಬಿಳಿ ಗೆರೆಗಳು ಪೂರ್ತಿ ತೊಳೆದುಹೋದ ದಿನ, ಮನಸಾರೆ ಓಡಿಸಿರಿ. ಗಂಧ ತೇಯುವುದಕ್ಕೆ ಅದೇ ಸುದಿನ.