ಕುಂದಗೋಳದ ವಾಡೆಯಲ್ಲಿ ಒಂದು ರಾತ್ರಿ

ಹುಬ್ಬಳ್ಳಿಯಿಂದ ದಕ್ಷಿಣಾಭಿಮುಖವಾಗಿ ಹೊರಟ ರೈಲುಗಾಡಿಯು ಸುಮಾರು 20 ಕಿಲೋಮೀಟರು ಕ್ರಮಿಸುವಷ್ಟರಲ್ಲಿ ಕುಂದಗೋಳದ ಸ್ಟೇಶನ್ನು ಬರುತ್ತದೆ. ಎರಡೂ ಮಗ್ಗುಲಿಗೆ ಎರೆಯ ಹೊಲಗಳು, ಹತ್ತಿ, ಮೆಣಸಿನಕಾಯಿ. ಪೂರ್ವದಲ್ಲಿ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಈ ಊರಿಗೆ ಶಂಭುಲಿಂಗನ ಪ್ರಾಚೀನ ದೇವಾಲಯವೇ ಭೂಷಣ. ಆದರೆ ನಾನೂ ನನ್ನ ತಮ್ಮನೂ ಹೋದದ್ದು ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಸ್ಮರಣಾರ್ಥವಾಗಿ ಜರುಗುವ ಅಹೋರಾತ್ರಿ ಸಂಗೀತವನ್ನು ಕೇಳಲಿಕ್ಕೆ.

ಸವಾಯಿ ಗಂಧರ್ವರೆಂದರೆ ರಾಮಭಾವು ಕುಂದಗೋಳಕರರು (1886–1952). ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನಸಾಹೇಬರ ಶಿಷ್ಯರು. ಗಂಗೂಬಾಯಿ ಹಾನಗಲ್ಲರು ಇವರಲ್ಲಿ ಪಾಠಕ್ಕೆಂದು ಹುಬ್ಬಳ್ಳಿಯಿಂದ ಇದೇ ರೈಲುಹಾದಿಯಲ್ಲಿ ಬಂದು ರಾತ್ರಿ ಮರಳುತ್ತಿದ್ದರು. 1936ರ ಸುಮಾರಿಗೆ ಬಂದ ಬಾಲಕ ಭೀಮಸೇನನು ಗುರುಗೃಹದಲ್ಲಿಯೇ ನಿಂತು ನೀರು ಹೊತ್ತನು. ಗುರುಕುಲ ಶಬ್ದದ ವ್ಯುತ್ಪತ್ತಿಯನ್ನು ಮೂವತ್ತು ವರ್ಷ ಹೇಳಿಕೊಟ್ಟವನು ನಾನು. ಒಂದು ಕೊಡ ನೀರನ್ನಾದರೂ ಹೊತ್ತವನಲ್ಲ.

ಇಲ್ಲಿ ಒಂದು ತಪ್ಪೊಪ್ಪಿಗೆಯನ್ನು ವಾಚಕರ ಮುಂದಿಡಬೇಕಾಗಿದೆ. ತಮ್ಮನು ಹದಿನೇಳರ ಹರೆಯದಲ್ಲಿ ತನ್ನ ಗಳಿಕೆಯ ಹಣದಿಂದ ಒಂದು ಹಾರ್ಮೋನಿಯಂ ಪೇಟಿಯನ್ನು ಕೊಂಡುತಂದಿದ್ದನು. ಆಗತಾನೇ ಶಾಸ್ತ್ರಗ್ರಂಥಗಳನ್ನು ಓದಿ ಉಬ್ಬಿದ್ದ ನಾನು, ನಾದಕ್ಕೆ 22 ಶ್ರುತಿಗಳಿರುವಲ್ಲಿ ಸಪ್ತಕಕ್ಕೆ 12 ಮನೆಗಳ ಈ ಪರದೇಶದ ಪೆಟ್ಟಿಗೆಯೇಕೆಂದು ಹೀಯಾಳಿಸಿದೆನು. ಆಕಾಶವಾಣಿಯೇ ಇದನ್ನು 1940ರಿಂದ 1971ರವರೆಗೆ ಬಹಿಷ್ಕರಿಸಿತ್ತೆಂಬುದನ್ನು ಪ್ರಮಾಣವಾಗಿ ಒಡ್ಡಿದೆನು. ಅವನು ಎದುರಾಡಲಿಲ್ಲ. ವಾರದೊಳಗೆ ಪೇಟಿಯನ್ನು ಮಾರಿಬಿಟ್ಟನು. ಆಮೇಲೆ ಮನೆಯಲ್ಲಿ ಹಾಡಿನ ಮಾತೇ ಎತ್ತಲಿಲ್ಲ. ಖಾನಸಾಹೇಬರು ಶ್ರುತಿಶೋಧನೆಯಲ್ಲಿ ದೇವಲ, ಕ್ಲೆಮೆಂಟ್ಸ್ ಎಂಬ ವಿದ್ವಾಂಸರಿಗೆ ನೆರವಾಗಿದ್ದರೆಂದೂ, ಆ ವಿದ್ವಾಂಸರು 22 ಶ್ರುತಿಗಳ ಹಾರ್ಮೋನಿಯಮ್ಮನ್ನೇ ಮಾಡಿಸಿದ್ದರೆಂದೂ ನಾನು ಓದಿದ್ದು ಎಷ್ಟೋ ವರ್ಷಗಳ ತರುವಾಯ.

ವಾಡೆಯಲ್ಲಿ ಜಮಖಾನೆಯ ಮೇಲೆ ಗೋಡೆಗೆ ಒರಗಿ ಕುಳಿತೆವು. ಮೊದಲಿನ ಗಾಯನಗಳ ವಿಷಯ ಬಿಡುವೆನು. ನಡುವೆ ನನಗೆ ನಿದ್ರೆಯೂ ಬಂದಿತ್ತು. ಬೆಳಗಿನ ಜಾವಕ್ಕೆ ಗಾಯಕರೊಬ್ಬರು ತೋಡಿ ರಾಗವನ್ನು ಆರಂಭಿಸಿದರು. ತೋಡಿಯ ಗಾಂಧಾರವು ಅತಿಕೋಮಲ; ನಿಂತಲ್ಲಿ ನಿಲ್ಲದೆ ಕೆಳಗಿನ ಋಷಭದ ಕಡೆಗೆ ವಾಲುವಂಥದು. ಪೇಟಿಯ ಮನೆಯಲ್ಲಿ ಅದು ಸಿಕ್ಕದು. ಈಗ ಕೆಡುವುದೆಂದು ನಾನು ಕಿವಿಗೊಟ್ಟು ಕಾದೆನು. ಕೆಡಲಿಲ್ಲ! ಕಂಠವು ಗಾಂಧಾರಕ್ಕೆ ಏರಿದಾಗಲೆಲ್ಲ ಪೇಟಿಯವರ ಬೆರಳು ಮೆಲ್ಲನೆ ಹಿಂದೆಗೆಯುತ್ತಿತ್ತು. ಷಡ್ಜಕ್ಕೆ ಇಳಿದಾಗ ಮೊದಲೇ ಬಂದು ಕಾದಿರುತ್ತಿತ್ತು. ಗಾಯಕರು ಉಸಿರು ತೆಗೆದುಕೊಳ್ಳುವ ಎಡೆಯಲ್ಲಿ ಅವರ ಸ್ವರಪಂಕ್ತಿಯ ತುದಿಯನ್ನಷ್ಟೇ ಹಿಡಿದು ಮುಂದಕ್ಕೆ ಸಾಗಿಸುತ್ತಿತ್ತು.

ಪಾಶ್ಚಾತ್ಯರ ವಿಶ್ವವಿದ್ಯಾಲಯಗಳ ಸಭಾಭವನಗಳಲ್ಲಿ ಚೆಲ್ಲೊ, ಪಿಯಾನೊ ಎಂಬ ಎರಡೇ ವಾದ್ಯಗಳ ಕಚೇರಿ ನಡೆಯುವುದುಂಟು. ಚೆಲ್ಲೊ ಪಿಟೀಲಿನ ಕುಲದ್ದು; ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನಿನಿಂದ ನುಡಿಸುವಷ್ಟು ದೊಡ್ಡದು. ಅದರ ತಂತಿಯ ಮೇಲೆ ಬೆರಳು ಬೇಕಾದಲ್ಲಿಗೆ ಜಾರಬಲ್ಲದು. ಪಿಯಾನೊದ ಸ್ವರವೋ, ಒಮ್ಮೆ ಒತ್ತಿದರೆ ಬಾಗದು. ಇಂಥ ವಿಷಮ ಜೋಡಿಗಾಗಿಯೇ ಬೀಥೋವನ್ ಮಹಾಶಯನು 5 ಸೊನಾಟಾಗಳನ್ನು ರಚಿಸಿದನು. ಅಲ್ಲಿಯೂ ಇಬ್ಬರಲ್ಲಿ ಒಬ್ಬರು ಯಾವಾಗ ಸುಮ್ಮನಿರಬೇಕೆಂಬುದೇ ದೊಡ್ಡ ವಿದ್ಯೆಯಾಗಿರಬೇಕು.

ಪಕ್ಕಕ್ಕೆ ನೋಡಿದೆನು. ತಮ್ಮನ ಬಲಗೈ ಬೆರಳುಗಳು ಧೋತರದ ಮೇಲೆ, ಮೊಣಕಾಲಿನ ಮೇಲೆ ಆಡುತ್ತಿದ್ದವು. ಗಾಂಧಾರ ಬಂದಾಗ ಅವೂ ಏಳುತ್ತಿದ್ದವು.

ಬೆಳಕು ಹರಿದ ಮೇಲೆ ಸ್ಟೇಶನ್ನಿಗೆ ನಡೆದು ಬಂದೆವು. ಗಾಡಿ ತಡವಾಗಿತ್ತು. ಚಹಾ ಕುಡಿಯುತ್ತ, "ಈಗ ಒಂದು ಪೇಟಿಗೆ ಏನು ಬೆಲಿ ಇದ್ದೀತೋ?" ಎಂದು ಕೇಳಿದೆನು. ಅವನು ಬಹಳ ಹೊತ್ತು ಹಳಿಗಳ ಕಡೆಗೇ ನೋಡಿದನು.

"ಬೆರಳು ಬಿರುಸಾಗ್ಯಾವ, ಅಣ್ಣಾ," ಎಂದನು. ಆಮೇಲೆ, "ಹುಬ್ಬಳ್ಳ್ಯಾಗ ಇಳಿದು ಅಂಗಡಿ ತೆರೆಯೂತನಕಾ ಕೂಡೋಣೇನು?" ಎಂದನು.