ಮಹಾಪ್ರಾಣದ ಗುಂಡಿ

ಮಂಡ್ಯದ ಸುತ್ತಿನ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ ನಿವೃತ್ತನಾದ ನನಗೆ ಕಳೆದ ಶ್ರಾವಣದಲ್ಲಿ ಒಂದು ಅಪಮಾನವು ಸಂಭವಿಸಿತು. ಅದನ್ನು ಅಪಮಾನವೆಂದು ನನ್ನ ಹೊರತು ಮತ್ತಾರೂ ಎಣಿಸಿದಂತೆ ಕಾಣೆನು. ನನ್ನ ಜೊತೆಯಲ್ಲಿ ಬಹುಕಾಲ ಪಾಠ ಹೇಳಿದ ಉಪಾಧ್ಯಾಯರೊಬ್ಬರು ತೀರಿಕೊಂಡರು. ಹಳೆಯ ಉಪಾಧ್ಯಾಯರೂ ಹಳೆಯ ವಿದ್ಯಾರ್ಥಿಗಳೂ ಸೇರಿ ಮಾಡಿಕೊಂಡಿರುವ ವಾಟ್ಸಾಪ್ ಬಳಗಕ್ಕೆ ನಾಲ್ಕು ಸಾಲುಗಳನ್ನು ಗಣಕಯಂತ್ರದಲ್ಲಿ ಬರೆದು ಕಳುಹಿಸಿ ಮಲಗಿದೆನು. ಬೆಳಗಿನಲ್ಲಿ ಎದ್ದು ಓದಿಕೊಳ್ಳಲಾಗಿ, ‘ಶ್ರದ್ಧಾಂಜಲಿ’ ಇರಬೇಕಾದಲ್ಲಿ ‘ಶ್ರದ್ದಾಂಜಲಿ’ ಎಂದೂ, ‘ಧರ್ಮಪತ್ನಿ’ ಇರಬೇಕಾದಲ್ಲಿ ‘ದರ್ಮಪತ್ನಿ’ ಎಂದೂ, ಭಗವಂತನು ‘ಬಗವಂತ’ನಾಗಿಯೂ ಅಲ್ಲಿ ವಿರಾಜಮಾನವಾಗಿದ್ದುವು. ಮೇಲುಕೋಟೆಯ ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನು ಬರೆದ ಬರೆಹವಿದು!

ಯಾರೂ ಏನೂ ಅನ್ನಲಿಲ್ಲ. ಕೈಮುಗಿದ ಚಿತ್ರಗಳು ಮಾತ್ರ ಸಾಲಾಗಿ ಬಂದುವು. ಮಧ್ಯಾಹ್ನಕ್ಕೆ ಹಳೆಯ ಶಿಷ್ಯನೊಬ್ಬನು ದೂರವಾಣಿಯಲ್ಲಿ ಕರೆದನು. ಈಗ ನಮ್ಮೂರಿನಲ್ಲಿಯೇ ಮೊಬೈಲು, ರೇಡಿಯೋ, ಮಿಕ್ಸಿ ಮುಂತಾದುವನ್ನು ದುರಸ್ತು ಮಾಡುವ ಅಂಗಡಿ ಇಟ್ಟುಕೊಂಡಿದ್ದಾನೆ. ನಲವತ್ತರ ಮೇಲೆ ವಯಸ್ಸು.

“ಮೇಷ್ಟ್ರೇ, ಕೈಗ್ ಏನಾಯ್ತು?” ಎಂದು ಕೇಳಿದನು.

“ಕೈಗೆ ಏನಾದೀತಪ್ಪ? ಯಾಕೆ ಕೇಳಿದೆ?” ಎಂದೆನು.

“ನೀವು ಬರ್ದಿರೋದ್ರಲ್ಲಿ ಮಹಾಪ್ರಾಣಾನೇ ಇಲ್ಲ. ನೀವು ಅಂಗ್ ಬರ್ಯೋರಲ್ಲ. ಅದ್ಕೇ ಕೈ ಸರೀಗಿಲ್ವೇನೋ ಅಂತ.”

ನನ್ನ ಹೆಂಡತಿಗೂ ಆ ತನಕ ಹೇಳದೆ ಮುಚ್ಚಿಟ್ಟಿದ್ದ ಸಂಗತಿಯನ್ನು ಅವನು ಎರಡು ಅಕ್ಷರದೋಷಗಳಿಂದ ಕಂಡುಹಿಡಿದನು. ಬಲಗೈಯ ಕಿರುಬೆರಳೂ ಉಂಗುರದ ಬೆರಳೂ ಕೆಲವು ತಿಂಗಳಿಂದ ನನ್ನ ಮಾತನ್ನು ಕೇಳುತ್ತಿರಲಿಲ್ಲ. ಎಡಗೈಯ ಕಿರುಬೆರಳಿಗೂ ಜೋಮು ಹಿಡಿಯತೊಡಗಿದ್ದಿತು. ಮೊಣಕೈಯ ಒಳಬದಿಯಲ್ಲಿ ಹಾದುಹೋಗುವ ನರವೊಂದು ಒತ್ತಿಹೋಗಿದೆಯೆಂದು ಆಮೇಲೆ ವೈದ್ಯರು ಹೇಳಿದರು. ಕಿರುಬೆರಳಿಗೂ ಅದರ ನೆರೆಯ ಬೆರಳಿನ ಅರ್ಧಕ್ಕೂ ಸ್ಪರ್ಶಜ್ಞಾನವನ್ನು ಕೊಡುವುದು ಆ ನರವೇ ಅಂತೆ.

ಕಿರುಬೆರಳಿಗೂ ಮಹಾಪ್ರಾಣಕ್ಕೂ ಏನು ಸಂಬಂಧವೆಂದು ಗಣಕಯಂತ್ರವನ್ನು ಬಳಸದ ವಾಚಕರು ಕೇಳಬಹುದು. ಆಂಗ್ಲ ಕೀಲಿಮಣೆಯಲ್ಲಿ ಅಕ್ಷರದ ಗುಂಡಿಗಳು ಇಪ್ಪತ್ತಾರು ಮಾತ್ರ. ನಮ್ಮ ವರ್ಣಮಾಲೆಯಾದರೋ ಅದರ ಹತ್ತಿರ ಹತ್ತಿರ ಇಮ್ಮಡಿ. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ಇದಕ್ಕೆ ಒಂದು ಸೊಗಸಾದ ಉಪಾಯವನ್ನು ಮಾಡಿದರು. ಒಂದು ಗುಂಡಿಯನ್ನು ಸುಮ್ಮನೆ ಒತ್ತಿದರೆ ಅಲ್ಪಪ್ರಾಣ. ಶಿಫ್ಟ್ ಎಂಬ ಗುಂಡಿಯೊಡನೆ ಒತ್ತಿದರೆ ಅದರ ಮಹಾಪ್ರಾಣ. ಹಾಗೆಯೇ ಹ್ರಸ್ವಕ್ಕೆ ದೀರ್ಘವೂ ಜೊತೆಗೂಡಿದೆ. ಕಕಾರವಿರುವಲ್ಲಿಯೇ ಖಕಾರ, ದಕಾರವಿರುವಲ್ಲಿಯೇ ಧಕಾರ. ಎರಡು ವ್ಯಂಜನಗಳನ್ನು ಕೂಡಿಸಿ ಒತ್ತಕ್ಷರ ಮಾಡಬೇಕಾದರೆ ನಡುವೆ ಹಲಂತದ ಗುಂಡಿಯನ್ನು ಒತ್ತಬೇಕು. ಬಾಯಲ್ಲಿ ಉಚ್ಚರಿಸುವ ಕ್ರಮವೇ ಬೆರಳಿನ ಕ್ರಮ. ಕರ್ನಾಟಕ ಸರ್ಕಾರದ ‘ನುಡಿ’ ತಂತ್ರಾಂಶದಲ್ಲಿರುವುದೂ ಅಲ್ಪ ವ್ಯತ್ಯಾಸಗಳೊಡನೆ ಇದೇ ವಿನ್ಯಾಸವು. ವ್ಯಾಕರಣ ಬಲ್ಲವನಿಗೆ ಇದು ಹತ್ತು ನಿಮಿಷದ ಪಾಠ. ‘ಟ’ಕಾರವು ಹೋಗಿ ‘ಕ್ಯೂ’ ಅಕ್ಷರದ ಮೇಲೆ ಕುಳಿತಿರುವುದೊಂದು ಮಾತ್ರ ನನಗೆ ಈಗಲೂ ಒಗ್ಗಿಲ್ಲ. ಆದರೆ ಆ ಶಿಫ್ಟ್ ಗುಂಡಿಗಳೆರಡೂ ಮಣೆಯ ಎರಡು ಅಂಚುಗಳಲ್ಲಿದ್ದು, ಕಿರುಬೆರಳುಗಳ ಪಾಲಿಗೆ ಬಿದ್ದಿವೆ. ಬೆರಳು ಜಾರಿತೆಂದರೆ ಧರ್ಮವು ದರ್ಮವಾಗುತ್ತದೆ.

ಬರೆಯುವುದನ್ನೇ ಬಿಟ್ಟುಬಿಡಬಹುದಾಗಿತ್ತು. ಆದರೆ ಕೈಯಲ್ಲಿ ಒಂದು ಕೆಲಸವಿತ್ತು. ನಮ್ಮ ತಂದೆಯವರು ಮಳವಳ್ಳಿ ಸೀಮೆಯ ಆಡುಮಾತುಗಳನ್ನು ಕಿವಿಗೆ ಬಿದ್ದಂತೆ ಬರೆದು, ಸಂಸ್ಕೃತ ಮೂಲವಿದ್ದರೆ ಅದನ್ನು ಎದುರಿಗೆ ಗುರುತಿಸಿ ಇಟ್ಟ ಮೂರು ಪುಸ್ತಕಗಳಿವೆ. ಮಸಿ ಮಾಸುತ್ತಿದೆ, ಹಾಳೆಗಳು ಮುಟ್ಟಿದರೆ ಮುರಿಯುತ್ತವೆ. ಮಾತನಾಡಿದರೆ ತಾನೇ ಬರೆದುಕೊಳ್ಳುವ ಸೌಕರ್ಯವು ಈಗ ಮೊಬೈಲಿನಲ್ಲಿ ಉಂಟಷ್ಟೆ. ನಾನು ಅದನ್ನೂ ಪರೀಕ್ಷಿಸಿದೆನು. ಹಳ್ಳಿಯ ಮಾತನ್ನು ಹೇಳಿದರೆ ಅದು ತನಗೆ ತಿಳಿದ ಪೇಟೆಯ ಮಾತನ್ನು ಬರೆಯುತ್ತದೆ.

“ಬುಡಿ ಮೇಷ್ಟ್ರೇ, ಎಬ್ಬೆಟ್ಟಲ್ಲಿ ಒತ್ತಂಗೆ ಒಂದು ಮಣೆ ಕಟ್ಕೊಡ್ತೀನಿ. ನೀವೂ ಬನ್ನಿ, ಕೂತ್ಕಂಡು ಮಾಡವ,” ಎಂದನು ಶಿಷ್ಯನು.

ಅಂಗಡಿಗೆ ಹೋದ ಮೊದಲ ದಿನ ಕಣ್ಣಿಗೆ ಬಿದ್ದುದು ಅವನ ಹಲಗೆ: ‘ಮೊಬೈಲ್ ಬಿಡಿ ಬಾಗಗಳು ದೊರೆಯುತ್ತವೆ’. ಅದನ್ನು ಕಂಡು ಕೈ ಸೀಮೆಸುಣ್ಣಕ್ಕಾಗಿ ತುರಿಸಿತು. ಆಗ, ಬಹು ವರ್ಷಗಳ ಹಿಂದಿನದೊಂದು ತರಗತಿಯು ಮಸುಕಾಗಿ ನೆನಪಿಗೆ ಬಂದು, ನಾನು ಏನೂ ಅನ್ನದೆ ಒಳಗೆ ಹೋಗಿ ಕುಳಿತೆನು.

ಮಣೆ ಎಂಬ ಶಬ್ದವು ನಮ್ಮ ಕೆಲಸದಲ್ಲಿ ಅಕ್ಷರಶಃ ಸಾರ್ಥಕವಾಯಿತು. ಮನೆಯಲ್ಲಿ ಊಟಕ್ಕೆ ಕೂರುವ ಹಲಸಿನ ಮಣೆಗಳು ನಾಲ್ಕಿದ್ದುವು. ಮೇಜು ಬಂದ ಮೇಲೆ ಅವು ಅಟ್ಟವನ್ನು ಸೇರಿದ್ದುವು. ನನ್ನ ಹೆಂಡತಿಯು ಒಂದನ್ನು ಒರೆಸಿ ಕೊಟ್ಟು, “ಇದು ಮಾವನವರು ಕೂರುತ್ತಿದ್ದದ್ದು, ಹಾಳು ಮಾಡಬೇಡಿ,” ಎಂದಳು. ಬಡಗಿಯು ಅದರ ನಡುವನ್ನು ಕೆತ್ತಿ ತೊಟ್ಟಿಯಂತೆ ಮಾಡಿಕೊಟ್ಟನು. ಅದರ ಮೇಲೆ ಒಂದೂವರೆ ಮಿಲಿಮೀಟರು ದಪ್ಪದ ಅಲ್ಯೂಮಿನಿಯಂ ತಗಡು. ತಗಡಿನಲ್ಲಿ ಹದಿನಾಲ್ಕು ಮಿಲಿಮೀಟರಿನ ಚೌಕದ ತೂತುಗಳು ಐವತ್ತು; ಒಂದರ ನಡುವಿನಿಂದ ಮತ್ತೊಂದರ ನಡುವಿಗೆ ಸರಿಯಾಗಿ ಮುಕ್ಕಾಲು ಅಂಗುಲ. ಗೆರೆ ಹಾಕುವುದು ನನ್ನ ಪಾಲು, ಕೊರೆದು ಅರದಿಂದ ಉಜ್ಜುವುದು ಅವನ ಪಾಲು. ಮೊದಲ ತಗಡಿನಲ್ಲಿ ಆರು ತೂತುಗಳು ಹಿಗ್ಗಿಹೋಗಿ ಅದು ವ್ಯರ್ಥವಾಯಿತು. ಎರಡನೆಯದಕ್ಕೆ ಹನ್ನೊಂದು ದಿನ ಹಿಡಿಯಿತು.

ತೂತಿಗೊಂದರಂತೆ ಸ್ವಿಚ್ಚನ್ನು ಕೂರಿಸಬೇಕು. ಇದೊಂದನ್ನು ಮನೆಯಲ್ಲಿ ಮಾಡಲು ನಮ್ಮಿಂದಾಗಲಿಲ್ಲ, ಅಂಚೆಯಲ್ಲಿ ತರಿಸಿದೆವು. ಸಾಮಾನ್ಯ ಕೀಲಿಮಣೆಗಳ ಒಳಗೆ ರಬ್ಬರಿನ ಹಾಳೆಯೊಂದು ಇರುತ್ತದೆ. ತಳಮುಟ್ಟ ಒತ್ತಿದ ಹೊರತು ಅಕ್ಷರವು ಮೂಡದು. ಈ ಸ್ವಿಚ್ಚುಗಳಲ್ಲಿಯಾದರೋ ಒಂದೊಂದಕ್ಕೂ ಬೇರೆ ಬೇರೆ ಉಕ್ಕಿನ ಸುರುಳಿಯಿದ್ದು, ಅರ್ಧ ಇಳಿಯುವಷ್ಟರಲ್ಲಿಯೇ ಎರಡು ಲೋಹದ ಎಸಳುಗಳು ಒಂದನ್ನೊಂದು ಮುಟ್ಟುತ್ತವೆ. ಜರ್ಮನಿಯ ಚೆರಿ ಎಂಬ ಕಂಪನಿಯು 1980ರ ದಶಕದಲ್ಲಿ ಹೊರತಂದ ಮಾದರಿಯನ್ನೇ ಈಗ ಹಲವರು ಅನುಸರಿಸುತ್ತಾರೆ. ನನ್ನ ಬೆರಳುಗಳಿಗೆಂದು ಮೂವತ್ತೈದು ಗ್ರಾಮಿನ ಭಾರಕ್ಕೇ ಮಣಿಯುವ ಮೃದುವಾದ ಸುರುಳಿಗಳನ್ನು ಆರಿಸಿದೆವು.

ಗುಂಡಿಯ ತಲೆಗಳಿಗಾಗಿ ನಾನು ರೈಲಿನಲ್ಲಿ ಚನ್ನಪಟ್ಟಣಕ್ಕೆ ಹೋದೆನು. ಅಲ್ಲಿನ ಗೊಂಬೆಗಾರರು ಆಲೆಮರದ ತುಂಡನ್ನು ಚರಕಿಯಲ್ಲಿ ತಿರುಗಿಸುತ್ತ, ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುವರು. ಉಜ್ಜಿದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುವುದು. ಒಣಗಿದ ಕೇದಗೆಯ ಗರಿಯಿಂದ ತಿಕ್ಕಿದರೆ ಕನ್ನಡಿಯಂತೆ ಹೊಳಪು. ರಥ, ಬುಗುರಿಗಳನ್ನು ಮಾಡುವ ಒಬ್ಬ ಮುದುಕನು ಹೆಬ್ಬೆರಳಿನ ಉಗುರಗಲದ ಐವತ್ತು ಬಿಲ್ಲೆಗಳನ್ನು ಯಾತಕ್ಕೆಂದು ಕೇಳದೆಯೇ ಮಾಡಿಕೊಟ್ಟನು. ಐದನ್ನು ಹೆಚ್ಚಿಗೆ ಹಾಕಿದನು. ಮುರಿದ ಕೀಲಿಮಣೆಗಳ ಪ್ಲಾಸ್ಟಿಕ್ ಗುಂಡಿಗಳಿಂದ ಕಾಲುಗಳನ್ನು ಕತ್ತರಿಸಿ ಈ ಬಿಲ್ಲೆಗಳ ಅಡಿಗೆ ಅಂಟಿಸಿದೆವು. ಅಕ್ಷರಗಳನ್ನು ತಾಳೆಯೋಲೆಯ ರೀತಿಯಲ್ಲಿಯೇ ಬರೆದೆನು: ಕಂಟದಿಂದ ಅರಗನ್ನು ಗೀರಿ, ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ತುಂಬಿ ಒರೆಸುವುದು. ಕೆಳಗೆ ಅಲ್ಪಪ್ರಾಣ, ಮೇಲೆ ಮಹಾಪ್ರಾಣ.

ಇನ್ನು ತಂತಿಯ ಕೆಲಸ. ಗುಂಡಿಗಳು ಐವತ್ತಾದರೆ ಐವತ್ತು ತಂತಿಗಳು ಬೇಕಲ್ಲವೆ ಎಂದು ನಾನು ಎಣಿಸಿದ್ದೆನು. ಹದಿನೈದು ಸಾಕೆಂದನು ಅವನು. ಕಾಗದದ ಮೇಲೆ ಐದು ಅಡ್ಡಸಾಲು, ಹತ್ತು ಕಂಬಸಾಲು ಎಳೆದು, “ಯಾವ ಅಡ್ಡಸಾಲು, ಯಾವ ಕಂಬಸಾಲು ಅಂತ ಗೊತ್ತಾದ್ರೆ ಗುಂಡಿ ಯಾವ್ದು ಅಂತ ಗೊತ್ತಾಯ್ತದೆ,” ಎಂದು ತೋರಿಸಿದನು. ನನಗೆ ಮೈ ಜುಮ್ಮೆಂದಿತು. ವರ್ಗೀಯ ವ್ಯಂಜನಗಳ ಕೋಷ್ಟಕವು ಇದೇ ಅಲ್ಲವೆ? ಕಂಠ, ತಾಲು, ಮೂರ್ಧ, ದಂತ, ಓಷ್ಠವೆಂದು ಸ್ಥಾನಗಳು ಐದು. ಪ್ರತಿ ಸ್ಥಾನದಲ್ಲಿ ಐದು ಬಗೆಯ ಪ್ರಯತ್ನ. ಮೂರನೆಯ ಸಾಲು, ಎರಡನೆಯ ಮನೆ ಎಂದೊಡನೆ ‘ಠ’ ಎಂದು ಹೇಳಬಹುದು. ಹತ್ತು ಗುರುತುಗಳಿಂದ ಇಪ್ಪತ್ತೈದು ಅಕ್ಷರ. ಇಷ್ಟು ವರ್ಷ ಕರಿಹಲಗೆಯ ಮೇಲೆ ಬರೆದ ಕೋಷ್ಟಕವನ್ನು ಯಾರೋ ತಾಮ್ರದಲ್ಲಿ ಎಳೆದು ತೋರಿಸಿದಂತಾಯಿತು. ಶಿಷ್ಯನಿಗೆ ಇದನ್ನು ಹೇಳಿದೆನು. “ನೀವ್ ಅವತ್ತೇ ಇಂಗ್ ಹೇಳಿದ್ರೆ ನಂಗೂ ಅರ್ಥ ಆಗದು,” ಎಂದನು. ಅರ್ಥವಾಗುತ್ತಿತ್ತು ಎಂಬುದು ಅದರ ತಾತ್ಪರ್ಯ.

ಪಂಪುಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಯಲ್ಲಿ ಉಳಿಕೆ ತಾಮ್ರದ ತಂತಿಯು ಸಿಕ್ಕಿತು. ಅದರ ಮೇಲೆ ಅರಗಿನಂಥ ಲೇಪವಿರುವುದರಿಂದ ಒಂದರ ಮೇಲೊಂದು ಹಾದರೂ ವಿದ್ಯುತ್ತು ಬೆರೆಯದು. ಬೆಸೆಯುವ ಜಾಗದಲ್ಲಿ ಮಾತ್ರ ಹೆರೆಯಬೇಕು. ಪ್ರತಿ ಸ್ವಿಚ್ಚಿಗೂ ಅಕ್ಕಿಯ ಕಾಳಿನಷ್ಟು ದೊಡ್ಡದಾದ ಡಯೋಡು ಎಂಬ ಗಾಜಿನ ತುಣುಕು. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವುದು ಅದರ ಧರ್ಮ. ಅದಿಲ್ಲದಿದ್ದರೆ, ಚೌಕದ ಮೂರು ಮೂಲೆಯ ಗುಂಡಿಗಳನ್ನು ಒಟ್ಟಿಗೆ ಒತ್ತಿದಾಗ ಒತ್ತದ ನಾಲ್ಕನೆಯದೂ ಒತ್ತಿದಂತೆ ತೋರುವುದು. ಆಂಗ್ಲರು ಇದಕ್ಕೆ ಭೂತದ ಹೆಸರನ್ನೇ ಇಟ್ಟಿದ್ದಾರೆ. ಹದಿನೈದು ತಂತಿಗಳ ತುದಿಯೂ ಸೇರುವುದು 2021ರಲ್ಲಿ ಪೇಟೆಗೆ ಬಂದ ಪೈಕೋ ಎಂಬ, ಬೆರಳುದ್ದದ ಗಣಕದ ಹಲಗೆಗೆ. ಅದು ಸೆಕೆಂಡಿಗೆ ನೂರಾರು ಬಾರಿ ಕಂಬಸಾಲುಗಳನ್ನು ಒಂದೊಂದಾಗಿ ವಿಚಾರಿಸುತ್ತಿರುತ್ತದೆ, ಹಾಜರಿ ಕೂಗಿದಂತೆ. ಕ್ಯು. ಎಂ. ಕೆ. ಎಂಬ, ಯಾರು ಬೇಕಾದರೂ ಬಿಚ್ಚಿ ತಿದ್ದಿಕೊಳ್ಳಬಹುದಾದ ತಂತ್ರಾಂಶವನ್ನು ಅದಕ್ಕೆ ತುಂಬಿದನು. ಹೆಬ್ಬೆರಳಿನ ಕೆಳಗೆ ಶಿಫ್ಟನ್ನು ಇರಿಸಿ, ಒತ್ತಿ ಹಿಡಿಯಬೇಕಾಗಿಲ್ಲದಂತೆ, ಒಮ್ಮೆ ತಟ್ಟಿದರೆ ಮುಂದಿನ ಒಂದು ಅಕ್ಷರಕ್ಕೆ ಮಾತ್ರ ಪ್ರಾಣವು ಹತ್ತುವಂತೆ ಏರ್ಪಡಿಸಿದನು.

ಬೆಸುಗೆಯನ್ನು ನಾನೇ ಹಾಕುತ್ತೇನೆಂದು ಹಟ ಹಿಡಿದೆನು. ಕೈ ನಡುಗಿತು. ಅವನು ಹಿಂದೆ ನಿಂತು ನನ್ನ ಮಣಿಕಟ್ಟನ್ನು ಹಿಡಿದು, ಕಾದ ಕಡ್ಡಿಯನ್ನು ತಂತಿಗೆ ತಾಗಿಸಿ, “ಸುಮ್ನೆ ಇಡೀರಿ. ನೀವ್ ತಳ್ಬೇಡಿ. ಕಾದ್ಮೇಲೆ ಸೀಸ ತಾನೇ ಅರೀತದೆ,” ಎಂದನು. ಅದು ಸಣ್ಣಗೆ ಹರಿದು ಮಿನುಗಿತು. ರಾಳದ ಹೊಗೆಯು ಸಾಂಬ್ರಾಣಿಯಂತಿದ್ದರೂ ಮೂಗಿಗೆ ಒಳ್ಳೆಯದಲ್ಲ. ಕಿಟಕಿಯನ್ನು ತೆರೆದಿಡಬೇಕು, ಕೈ ತೊಳೆಯದೆ ಊಟವನ್ನು ಮುಟ್ಟಬಾರದು. ಮನೆಯಲ್ಲಿ ಮಕ್ಕಳಿರುವವರು ಇದನ್ನು ಗಮನಿಸಬೇಕು.

ಕೊನೆಯ ಸಾಲನ್ನು ಒಂದು ರಾತ್ರಿ ನಾನೊಬ್ಬನೇ ಮನೆಯಲ್ಲಿ ಮುಗಿಸಿದೆನು. ಬೆಳಿಗ್ಗೆ ಅಂಗಡಿಗೆ ಒಯ್ದು, ಗಣಕಕ್ಕೆ ಜೋಡಿಸಿ, ಸಂಪ್ರದಾಯದಂತೆ ಮೊದಲು ‘ಶ್ರೀ’ ಎಂದು ಒತ್ತಿದೆನು. ಪರದೆಯ ಮೇಲೆ ‘ಶರೀ’ ಎಂದು ಮೂಡಿತು. ‘ಸಂಸ್ಕೃತ’ ಎಂದು ಒತ್ತಿದರೆ ‘ಸಂಸಕೃತ’. ಹಲಂತದ ಗುಂಡಿಯು ಸತ್ತಿದ್ದಿತು. ಅವನು ಮಣೆಯನ್ನು ಮಗುಚಿ, ಮೀಟರಿನ ಎರಡು ಸೂಜಿಗಳನ್ನು ಅಲ್ಲಿ ಇಲ್ಲಿ ತಾಗಿಸಿ, “ಮೇಷ್ಟ್ರೇ, ಡಯೋಡು ತಿರುಗಾಮುರುಗಾ,” ಎಂದನು. ಕಪ್ಪು ಗೀರು ಇರಬೇಕಾದ ಕಡೆ ಇರಲಿಲ್ಲ. ತಪ್ಪು ನನ್ನದೇ.

ವಿನೋದಕ್ಕೆಂದು, “ಕೈ ಚಾಚಲೇನಪ್ಪ?” ಎಂದೆನು.

ಅವನು ನಗಲಿಲ್ಲ. ತಲೆಯೆತ್ತದೆ ಬೆಸುಗೆಯನ್ನು ಬಿಚ್ಚುತ್ತಲೇ, “ಅವತ್ತು ಎರಡು ಬಿದ್ದೊ. ಭೂಮಿಗೊಂದು, ಧರ್ಮಕ್ಕೊಂದು,” ಎಂದನು.

2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಇಂಥ ಶಿಕ್ಷೆಯನ್ನು ನಿಷೇಧಿಸುವುದಕ್ಕೆ ಹತ್ತು ವರ್ಷಕ್ಕಿಂತ ಹಿಂದಿನ ಮಾತು. ‘ಬೂಮಿ’, ‘ದರ್ಮ’ ಎಂದು ಬರೆದವರಿಗೆ ಅಂಗೈಗೆ ಒಂದೊಂದು ಏಟೆಂದು ನಾನು ನಿಯಮ ಮಾಡಿದ್ದೆನು. ನಿಯಮವಾದ್ದರಿಂದ ಯಾರ ಕೈ ಎಂಬುದು ನನ್ನ ನೆನಪಿನಲ್ಲಿ ಉಳಿಯಲಿಲ್ಲ. ಅದೇ ವಾರದಲ್ಲಿ ತದ್ಭವ ಪಾಠವನ್ನೂ ಮಾಡಿರಬೇಕು: ಕಥೆಯು ಕತೆಯಾಯಿತು, ಮುಖವು ಮೊಗವಾಯಿತು, ವೀಥಿಯು ಬೀದಿಯಾಯಿತು. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಇಂಥವಕ್ಕೆ ಅಪಭ್ರಂಶ ಪ್ರಕರಣವೆಂದೇ ಒಂದನ್ನು ಮೀಸಲಿಟ್ಟಿದ್ದಾನೆ. ಮಹಾಪ್ರಾಣವನ್ನು ಬಿಡುವುದು ಕನ್ನಡ ನಾಲಗೆಯ ಹಳೆಯ ನಡೆಯೆಂದು ಬೋರ್ಡಿನ ಮೇಲೆ ಬರೆದು, ಅದೇ ಕೈಯಲ್ಲಿ ಬೆತ್ತವನ್ನು ತೆಗೆದುಕೊಂಡೆನು. ನಮ್ಮ ತಂದೆಯವರಾದರೋ ಅಂಥ ನಾಲಗೆಗಳ ಮಾತನ್ನು ಮೂರು ಪುಸ್ತಕ ತುಂಬ ಬರೆದುಕೊಂಡರು.

“ತಪ್ಪಾಯಿತಪ್ಪ,” ಎಂದೆನು. ಅವನು ಡಯೋಡನ್ನು ತಿರುಗಿಸಿ ಬೆಸೆದು, ಊದಿ, “ಈಗ್ ಒತ್ತಿ ನೋಡಿ,” ಎಂದನು. ಯಾವುದಕ್ಕೆ ಉತ್ತರವಾಗಿ ಹಾಗೆಂದನೋ ತಿಳಿಯದು. ಒತ್ತಿದೆನು. ‘ಶ್ರೀ’ ಎಂದು ಬಂದಿತು.

ಈಗ ದಿನಕ್ಕೆ ಎರಡು ಪುಟದಂತೆ ತಂದೆಯವರ ಮೊದಲ ಪುಸ್ತಕವು ಮುಗಿದು ಎರಡನೆಯದರಲ್ಲಿದ್ದೇನೆ. ಬೆರಳುಗಳು ಗುಣವಾಗಿಲ್ಲ, ಆದರೆ ಹೆಬ್ಬೆರಳಿಗೆ ಆಯಾಸವಿಲ್ಲ. ಬೇಸಿಗೆಯ ಒಣಹವೆಗೆ ಮೂರು ಬಿಲ್ಲೆಗಳು ಸೀಳಿವೆ. ಹೆಚ್ಚಿಗೆ ಕೊಟ್ಟ ಐದರಲ್ಲಿ ಎರಡು ಮಾತ್ರ ಉಳಿದಿದ್ದುವು. ಆದಕಾರಣ ಬರುವ ಗುರುವಾರ ಮತ್ತೆ ಚನ್ನಪಟ್ಟಣಕ್ಕೆ ಹೊರಟಿದ್ದೇನೆ. ಅರ್ಧ ದಿನ ಅಂಗಡಿಯನ್ನು ಮುಚ್ಚಿ ತಾನೂ ಬರುವುದಾಗಿ ಶಿಷ್ಯನು ಹೇಳಿದ್ದಾನೆ. ಮದ್ದೂರಿನಲ್ಲಿ ವಡೆ ಕೊಡಿಸುವುದು ನನ್ನ ಪಾಲಿನದಂತೆ.